ಐದೂವರೆಯ ಬಸ್ಸು

ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಮಕ್ಕಳ ಆರೈಕೆ ಕೆಲಸದ ತರಬೇತಿ ಆಯ್ದುಕೊಂಡಿದ್ದ ಆ ಹುಡುಗಿಗೆ ತರಗತಿಯವರು ಇಟ್ಟ ಹೆಸರು ರೇಡಿಯೋ. ಬಾಯಿಗೆ ಬಿಡುವಿಲ್ಲ. ವಾರಕ್ಕೊಂದು ಮಧ್ಯಾಹ್ನ ಅವಳು ಕೆಲಸ ಕಲಿಯಲು ಹೋಗುತ್ತಿದ್ದ ಶಿಶುವಿಹಾರದ ಮೇಲ್ವಿಚಾರಕಿ ಮೊದಲ ದಿನವೇ ಹೇಳಿದ್ದರು: "ಮಕ್ಕಳ ಹತ್ರ ಎಷ್ಟು ಬೇಕಾದ್ರೂ ಮಾತಾಡು. ಗೇಟಿನ ಹತ್ರ ಬಾಯಿಗೆ ಬೀಗ. ಪುಟ್ಟಿಯನ್ನಂತೂ ಅವಳಮ್ಮನ ಕೈಗೆ ಬಿಟ್ಟು ಬೇರೆ ಯಾರಿಗೂ ಕೊಡಬೇಡ."

ಪುಟ್ಟಿಯ ಅಮ್ಮ ಗಂಡನ ಮನೆ ಬಿಟ್ಟು ಬಂದಿದ್ದಳು. ಅವಳ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿ ಇನ್ನೂ ತಿಂಗಳಾಗಿರಲಿಲ್ಲ.

ಆ ಸಂಜೆ ಒಂದು ಮಗು ಮೈಮೇಲೆಲ್ಲ ವಾಂತಿ ಮಾಡಿಕೊಂಡಿತು. ಮೇಲ್ವಿಚಾರಕಿ ಅದನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದರು. ಆಯಾ ನೆಲ ಒರೆಸುತ್ತಿದ್ದಳು. ಅಷ್ಟರಲ್ಲಿ ಗೇಟಿನ ಗಂಟೆ ಸದ್ದಾಯಿತು. ರೇಡಿಯೋ ಹೋದಳು.

ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಗೊಂಬೆ. "ನಾನು ಪುಟ್ಟಿ ಅಪ್ಪ. ಮಗೂನ ಕರ್ಕೊಂಡು ಬಾಮ್ಮ."

ಆ ದನಿ ಒಳಗೂ ಕೇಳಿಸಿತು. ಪುಟ್ಟಿ ಅಳಲಿಲ್ಲ, ಓಡಿಬರಲೂ ಇಲ್ಲ. ಮನೆ ಕಟ್ಟುತ್ತಿದ್ದ ಮರದ ತುಂಡುಗಳನ್ನು ಸದ್ದಾಗದಂತೆ ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದಳು.

"ಆಗಲ್ಲ ಅಂಕಲ್."

"ನನ್ನ ಮಗಳನ್ನ ನೋಡೋಕೆ ನಿನ್ನ ಪರ್ಮಿಷನ್ನಾ?" ಅವನ ಕೈ ಸರಳುಗಳ ನಡುವೆ ತೂರಿ ಚಿಲಕದ ಮೇಲೆ ಬಂತು. ರೇಡಿಯೋ ಚಿಲಕವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು.

ಅವನು ಕೈ ತೆಗೆದ. ಕಣ್ಣು ತುಂಬಿಕೊಂಡ. "ಎಷ್ಟು ದಿನ ಆಯ್ತಮ್ಮ ಮುಖ ನೋಡಿ."

ಅವಳಿಗೆ ಅಯ್ಯೋ ಅನ್ನಿಸಿತು. "ಬೇಜಾರ್ ಮಾಡ್ಕೋಬೇಡಿ ಅಂಕಲ್. ಅವರಮ್ಮ ಐದೂವರೆ ಬಸ್ಸಿಗೆ ಬರ್ತಾರೆ. ಅವರನ್ನೇ ಕೇಳಿ."

"ಹಿಂದಿನ ರಸ್ತೆ ಸ್ಟಾಪಿಗಾ?"

"ಹೂಂ."

"ಜಾಣೆ." ಗೊಂಬೆಯನ್ನು ಸರಳಿಗೆ ಸಿಕ್ಕಿಸಿ ಅವನು ಹೋದ. ಬಂದ ದಾರಿಯಲ್ಲಲ್ಲ, ಹಿಂದಿನ ರಸ್ತೆಯ ಕಡೆಗೆ.

ಅವಳು ಗೇಟು ತೆಗೆಯದ ವಿಷಯ ತಿಳಿದ ಮೇಲ್ವಿಚಾರಕಿ ಅವಳ ಬೆನ್ನು ತಟ್ಟಿದರು. "ಶಹಬ್ಬಾಸ್! ದೊಡ್ಡೋರೇ ಹೆದರಿ ಗೇಟ್ ತೆಗೆದುಬಿಡ್ತಾರೆ. ನಿಮ್ಮ ಟೀಚರ್‌ಗೆ ಹೇಳ್ತೀನಿ, ರಜೆಯಲ್ಲಿ ನಿನಗೆ ಇಲ್ಲೇ ಕೆಲಸ."

ಆಯಾ ನಕ್ಕಳು. "ರೇಡಿಯೋ ಬ್ಯಾಟ್ರಿ ಖಾಲಿಯಾಗಿದೆ ನೋಡಿ ಮೇಡಂ, ಉಸಿರೇ ಇಲ್ಲ!"

ಉಸಿರು ನಿಜಕ್ಕೂ ಬರುತ್ತಿರಲಿಲ್ಲ. ಗೋಡೆ ಗಡಿಯಾರದ ಮುಳ್ಳು ಐದೂವರೆಗೆ ಹತ್ತಿರವಾಗುತ್ತಿತ್ತು. ಹೇಳಿದರೆ ಶಹಬ್ಬಾಸೂ ಹೋಯಿತು, ಕೆಲಸವೂ ಹೋಯಿತು. ಅವನು ಮನೆಗೇ ಹೋಗಿರಬಹುದಲ್ಲ? ಹಿಂದಿನ ರಸ್ತೆಯಲ್ಲೇ ಅವನಿಗೇನಾದರೂ ಕೆಲಸವಿದ್ದಿರಬಹುದಲ್ಲ?

ಯಾರೋ ಅವಳ ಅಂಗಿ ಜಗ್ಗಿದರು. ಪುಟ್ಟಿ, ಎದೆಗವಚಿದ ಡಬ್ಬಿಯೊಂದಿಗೆ.

"ಎಲ್ಲಾ ಎತ್ತಿಟ್ಟೆ. ಅಪ್ಪ ಅಮ್ಮಂಗೆ ಹೊಡೆಯಲ್ಲ ಅಲ್ವಾ?"

"ಮೇಡಂ," ಎಂದಳು ರೇಡಿಯೋ. "ಬಸ್ಸಿನ ವಿಷಯ ಹೇಳ್ಬಿಟ್ಟೆ. ಸ್ಟಾಪೂ ಹೇಳ್ಬಿಟ್ಟೆ."

ಮೇಲ್ವಿಚಾರಕಿ ಬೈಯಲಿಲ್ಲ. "ಮಗೂನ ಒಳಕೋಣೆಗೆ ಕರ್ಕೊಂಡ್ಹೋಗಿ, ಪೊಲೀಸರಿಗೆ ಫೋನ್ ಮಾಡಿ," ಎಂದು ಆಯಾಗೆ ಹೇಳಿ ತಮ್ಮ ಫೋನಿನಿಂದ ಪುಟ್ಟಿಯ ಅಮ್ಮನಿಗೆ ಕರೆ ಮಾಡಿದರು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದರು. ಕೊನೆಗೆ ಬಸ್ಸಿನ ಗದ್ದಲದ ನಡುವೆ ಒಂದು ಹಲೋ ಕೇಳಿತು.

"ಇಳೀಬೇಡಿ! ಅವನು ಸ್ಟಾಪಲ್ಲಿರಬಹುದು. ಡ್ರೈವರ್ ಪಕ್ಕ ಹೋಗಿ ನಿಂತ್ಕೊಳ್ಳಿ."

ಆ ಕಡೆಯಿಂದ ತೀರ ಸಣ್ಣ ದನಿ: "ಕಾಣಿಸ್ತಿದ್ದಾನೆ ಮೇಡಂ. ಬಸ್ಸು ನಿಂತಿದೆ. ಬಾಗಿಲು ತೆಗೀತಿದಾರೆ."

ಯಾರೋ ಕೂಗಿದರು. ಏನೋ ಧಡಾರನೆ ಬಡಿಯಿತು. ರೇಡಿಯೋ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಫೋನಿನಲ್ಲಿ ಎಂಜಿನ್ನು ಗುರುಗುಟ್ಟಿತು, ಗೇರು ಬದಲಾಯಿತು.

"ಡ್ರೈವರ್ ಬಾಗಿಲು ಹಾಕ್ಬಿಟ್ರು," ಎಂದಿತು ಆ ದನಿ. "ಹೊರಗಿಂದ ಬಡೀತಿದ್ದ. ಬಸ್ಸು ಹೊರಟಿದೆ."

ಕತ್ತಲಾಗುವ ಹೊತ್ತಿಗೆ ಪೊಲೀಸಮ್ಮನೊಬ್ಬರ ಜೊತೆ ಪುಟ್ಟಿಯ ಅಮ್ಮ ಅಡುಗೆಮನೆಯ ಹಿಂಬಾಗಿಲಿನಿಂದ ಬಂದಳು. ಮಗಳನ್ನು ಎತ್ತಿಕೊಂಡು ರೇಡಿಯೋಳ ಮುಂದೆ ನಿಂತಳು.

"ಗೇಟು ತೆಗೀದೇ ಇದ್ದವಳೂ ನೀನೇನಾ?"

ರೇಡಿಯೋ ತಲೆ ತಗ್ಗಿಸಿದಳು.

"ಆ ಬಸ್ಸು ಹೊಂದಿಸ್ಕೊಳ್ಳೋಕೆ ಕೆಲಸದ ಪಾಳಿ ಬದಲಾಯಿಸ್ಕೊಂಡಿದ್ದೆ," ಎಂದಳು ಅಮ್ಮ. ಸಿಟ್ಟಿರಲಿಲ್ಲ, ಬರೀ ದಣಿವು. "ಈಗ ಬೇರೆ ಬಸ್ಸು, ಬೇರೆ ಹೊತ್ತು ನೋಡ್ಬೇಕು."

ಯಾವ ಬಸ್ಸು, ಯಾವ ಹೊತ್ತು ಎಂದು ಅವಳು ಹೇಳಲಿಲ್ಲ. ರೇಡಿಯೋ ಕೇಳಲೂ ಇಲ್ಲ.