ಗೊತ್ತಿಲ್ಲದವರ ಎಡಗೈ

ಇಂಗ್ಲಿಷ್ ಬೋಧನೆಯ ಎಂ.ಎ.ಯಲ್ಲಿ ಭಾಗ್ಯಶ್ರೀಗೆ ಉಳಿದಿದ್ದು ಪರೀಕ್ಷಕರ ಎದುರು ಮಾಡಿ ತೋರಿಸಬೇಕಾದ ಇದೊಂದೇ ಪಾಠ. ಅವರು ಒಪ್ಪಿದರೆ ಮಾತ್ರ ಟೀಚರ್ ಸರ್ಟಿಫಿಕೇಟು. ತೆಲುಗು ಸೀಮೆಯ ಕೂಕಟ್‌ಪಲ್ಲಿಯಲ್ಲಿ ಅವಳು ನಡೆಸುತ್ತಿದ್ದ ಸಂಜೆ ತರಗತಿಗೆ ಬರುತ್ತಿದ್ದವರು ಹೊಸದಾಗಿ ಎದ್ದ ಸಾಫ್ಟ್‌ವೇರ್ ಕಂಪನಿಗಳಲ್ಲಿ ನೆಲ ಒರೆಸುವ ಹೆಂಗಸರು. ಇಷ್ಟು ತಿಂಗಳಾದರೂ ಒಬ್ಬರೂ ತಾವಾಗಿ ಇಂಗ್ಲಿಷಿನಲ್ಲಿ ತುಟಿ ಬಿಚ್ಚಿರಲಿಲ್ಲ. ದಿಗಿಲುಬಿದ್ದ ಭಾಗ್ಯಶ್ರೀ ಹಿಂದಿನ ದಿನವೇ ಎಲ್ಲರಿಗೂ ಒಂದು ಉಪಾಯ ಹೇಳಿಕೊಟ್ಟಿದ್ದಳು. ರಾಯಚೂರು ಕಡೆಯ ಹಂಪಮ್ಮನಿಗಂತೂ ಕನ್ನಡದಲ್ಲೇ ಒತ್ತಿ ಹೇಳಿದ್ದಳು: “ಏನ ಕೇಳಿದ್ರೂ ಕೈ ಎತ್ತರಿ. ಗೊತ್ತಿದ್ರ ಬಲಗೈ, ಗೊತ್ತಿಲ್ಲಂದ್ರ ಎಡಗೈ.”

ಪ್ರತಿ ಪ್ರಶ್ನೆಗೂ ಎಲ್ಲರ ಕೈ ಮೇಲೆದ್ದಿತು. ಬಲಗೈಯವರನ್ನಷ್ಟೇ ಹೆಕ್ಕಿ ಕೇಳುತ್ತ ಭಾಗ್ಯಶ್ರೀ ಪಾಠ ನಡೆಸಿದಳು. ಕೊನೆಯ ಬೆಂಚಿನಲ್ಲಿ ಪರೀಕ್ಷಕರು ತಲೆದೂಗಿದಾಗ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರೇ ಎದ್ದು ಒಂದು ಪ್ರಶ್ನೆ ಕೇಳಿ, ಎಡಗೈ ಎತ್ತಿದ್ದ ಹಂಪಮ್ಮನತ್ತ ಬೆರಳು ತೋರಿಸಿದರು.

ಹಂಪಮ್ಮ ಎದ್ದು ಸೆರಗು ಸರಿಮಾಡಿಕೊಂಡು, ಯಾರೂ ಕಲಿಸದ ಮಾತನ್ನು ನಿಧಾನವಾಗಿ ಜೋಡಿಸಿದಳು.

“ಸರ್, ದಿಸ್ ಈಸ್ ಲೆಫ್ಟ್ ಹ್ಯಾಂಡ್. ಲೆಫ್ಟ್ ಹ್ಯಾಂಡ್ ಮೀನ್ಸ್, ಐ ಡೋಂಟ್ ನೋ. ಮೇಡಂ ಟೋಲ್ಡ್.”

ಆ ಹೆಂಗಸರು ತಾವಾಗಿ ಆಡುವ ಒಂದೇ ಒಂದು ಇಂಗ್ಲಿಷ್ ಮಾತಿಗಾಗಿ ಭಾಗ್ಯಶ್ರೀ ಇಷ್ಟು ತಿಂಗಳು ಕಾದಿದ್ದಳು. ಈಗ ಬಂತು.