ಮೂವತ್ತೊಂದು ಕಾರ್ಡು

“ಕಾರ್ಡ್ ಬೇಕಂತೆ ಕಾರ್ಡ್. ನಿನ್ನ ಅಪ್ಪ ತಂದು ಇಟ್ಟಿದ್ದಾನಾ ಇಲ್ಲಿ, ಬೇವರ್ಸಿ?”

ರುಕ್ಮಯ್ಯಣ್ಣ ಹೀಗೆ ಹೇಳುವಾಗ ನಾನು ಆಫೀಸಿನ ನೆಲ ಒರೆಸುತ್ತಿದ್ದೆ. ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯ ಗೇರುಬೀಜದ ಫ್ಯಾಕ್ಟರಿಯಲ್ಲಿ ಅವರು ಮೇಸ್ತ್ರಿ, ನಾನು ಬೀಜ ಒಡೆಯುವವಳು. ವಾರಕ್ಕೊಮ್ಮೆ ಆಫೀಸು ಒರೆಸುವುದೂ ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಬೇರೆ ಮಜೂರಿ ಇಲ್ಲ. ಫ್ಯಾನಿನ ಕೆಳಗೆ ಕಾಲು ಗಂಟೆ ಇರಲಿಕ್ಕೆ ಸಿಗುತ್ತದಲ್ಲ, ಅದೇ ಮಜೂರಿ ಎಂದು ನಮ್ಮ ಧಣಿ ಜಯಪ್ರಕಾಶರು ಒಮ್ಮೆ ತಮಾಷೆ ಮಾಡಿದ್ದರು. ನಾವೆಲ್ಲ ನಕ್ಕಿದ್ದೆವು. ಧಣಿಗಳ ತಮಾಷೆಗೆ ನಗುವುದೂ ನಮ್ಮ ಕೆಲಸದಲ್ಲೇ ಸೇರಿದ್ದು.

ಮೇಜಿನ ಮುಂದೆ ನಿಂತು ಬೈಸಿಕೊಳ್ಳುತ್ತಿದ್ದವಳು ಸಂಜುಕ್ತಾ. ಒಡಿಶಾದ ಕಂಧಮಾಲ್ ಕಡೆಯ ಹುಡುಗಿ, ಹತ್ತೊಂಬತ್ತು ವರ್ಷ. ಬೀಡಿ ಎಲೆ ಕೊಯ್ದು ಕೂಡಿಟ್ಟ ಎರಡು ಸಾವಿರ ಚಿಲ್ಲರೆ ರೂಪಾಯಿ ಕಟ್ಟಿಕೊಂಡು, ಏಜೆಂಟನ ಹಿಂದೆ ಮೂರು ದಿನ ರೈಲಿನಲ್ಲಿ ಕೂತು ಬಂದವಳು. ಚಾಪೆ, ಬಕೆಟ್ಟು, ಸ್ಟವ್ವು, ಒಂದು ತಟ್ಟೆ ಕೊಳ್ಳುವಷ್ಟರಲ್ಲಿ ಆ ದುಡ್ಡು ಮುಗಿದಿತ್ತು. ಬಂದ ದಿನವೇ ರುಕ್ಮಯ್ಯಣ್ಣ ಅವಳ ಆಧಾರ್ ಕಾರ್ಡ್ ತೆಗೆದುಕೊಂಡು, ಕಳೆದುಹೋಗಬಾರದಲ್ಲ ಎಂದು ಜೋಪಾನವಾಗಿ ಮೇಜಿನ ಡ್ರಾವರಿನಲ್ಲಿ ಹಾಕಿ ಬೀಗ ಹಾಕಿದ್ದರು. ಹೊರರಾಜ್ಯದಿಂದ ಬಂದ ಮೂವತ್ತೊಂದು ಹೆಂಗಸರ ಕಾರ್ಡನ್ನೂ ಅವರು ಹಾಗೆಯೇ ಜೋಪಾನ ಮಾಡಿದ್ದರು. ಹೆಂಗಸರನ್ನೂ ಜೋಪಾನ ಮಾಡುತ್ತಿದ್ದರು: ಫ್ಯಾಕ್ಟರಿಯ ಹಿಂದಿನ ಶೀಟು ಹೊದಿಸಿದ ಲೈನ್ ಕೋಣೆಗಳಲ್ಲಿ ಅವರ ವಾಸ, ಸಂಜೆ ಆರಕ್ಕೆ ಹೊರಗಿನಿಂದ ಬೀಗ.

ಅವಳ ಊರಿನ ಒಬ್ಬಳು ಉಜಿರೆಯಲ್ಲಿ ಕಾಲೇಜು ಹುಡುಗಿಯರ ಹಾಸ್ಟೆಲಿನ ಅಡಿಗೆಮನೆಯಲ್ಲಿದ್ದಳು. ಅಲ್ಲಿ ಇನ್ನೊಬ್ಬಳಿಗೆ ಕೆಲಸ ಉಂಟು, ಮಲಗಲಿಕ್ಕೆ ಕೋಣೆ ಉಂಟು, ಕಾರ್ಡ್ ತಂದರೆ ಸೇರಿಸಿಕೊಳ್ಳುತ್ತಾರೆ ಎಂದು ಫೋನು ಮಾಡಿದ್ದಳಂತೆ. ಸಂಜುಕ್ತಾ ಅರ್ಧ ಹಿಂದಿ, ಅರ್ಧ ತುಳುವಿನಲ್ಲಿ ಇದನ್ನೇ ಹೇಳುತ್ತಿದ್ದಳು. ರುಕ್ಮಯ್ಯಣ್ಣ ಕೊನೆಗೆ ಚಾ ಗ್ಲಾಸಿನ ತಳದಲ್ಲಿದ್ದ ಚರಟವನ್ನು ನಾನು ಒರೆಸಿದ ನೆಲಕ್ಕೆ ಚೆಲ್ಲಿ, “ಇದನ್ನು ಒರೆಸಿ ಹೋಗು” ಎಂದರು. ನಾನು ಬಗ್ಗಿದೆ. “ನೀನಲ್ಲ ಲೋಲಾಕ್ಷಿ. ಆ ಹಿಂದಿ ಒರೆಸ್ಲಿ.”

ಅವಳು ಒರೆಸಿದಳು. ನಾನು ಬಟ್ಟೆ ಕೊಟ್ಟೆ.

ನಮ್ಮದೂ ಹೇಳಬೇಕು. ಸಂಜುಕ್ತಾಳಿಗೆ ಹಿಂದಿ ನಮ್ಮಷ್ಟೇ ಬರುತ್ತಿದ್ದುದು, ಆದರೂ ಅವಳನ್ನು ಹಿಂದಿ ಎಂದೇ ನಾವೂ ಕರೆಯುತ್ತಿದ್ದೆವು. ಅವಳು ನೀರು ಹಾಕಿಟ್ಟ ಅನ್ನ ಉಣ್ಣುವಾಗ, ದಿನಕ್ಕೆ ಮೂರು ಹೊತ್ತು ಗಂಜಿ ಉಣ್ಣುವ ನಾವು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು. ಇವರು ಬಂದ ಮೇಲೆ ನಮ್ಮ ಮಜೂರಿ ಏರಲಿಲ್ಲ ಎಂದು ನಮಗೆ ಸಿಟ್ಟು. ಏರಿಸದವರ ಮೇಲೆ ಸಿಟ್ಟು ಮಾಡುವುದು ಅಭ್ಯಾಸವಿಲ್ಲದ ಕಾರಣ ಇವರ ಮೇಲೆ ಮಾಡುತ್ತಿದ್ದೆವು.

ಅಕ್ಟೋಬರದಲ್ಲಿ ಧಣಿಗಳಿಗೆ ಕನ್ನಡದ ಮೇಲೆ ಪ್ರೀತಿ ಬಂತು. ಫ್ಯಾಕ್ಟರಿಯ ಅಂಗಳದಲ್ಲಿ ರಾಜ್ಯೋತ್ಸವ, ಬಂಟ್ವಾಳದಿಂದ ದೊಡ್ಡ ಅಧಿಕಾರಿಯೊಬ್ಬರು, ಹೊರರಾಜ್ಯದ ಸಹೋದರಿಯರಿಗೆ ಶಾಲು. ಅವರಲ್ಲಿ ಒಬ್ಬಳು ಕನ್ನಡದಲ್ಲಿ ಭಾಷಣ ಮಾಡಬೇಕು. ಹನ್ನೆರಡನೆಯ ಕ್ಲಾಸು ಪಾಸಾದವಳೆಂದು ಸಂಜುಕ್ತಾಳನ್ನು ಆರಿಸಿದರು. ಎಂಟನೆಯ ಕ್ಲಾಸಿನವರೆಗೆ ಹೋದ ನಾನು ಗುರು. ಭಾಷಣ ಬರೆದದ್ದು ರುಕ್ಮಯ್ಯಣ್ಣ: “ಕರ್ನಾಟಕ ನನ್ನ ಎರಡನೆಯ ತಾಯಿ. ನಮ್ಮ ಧಣಿಗಳು ನನಗೆ ತಂದೆಯ ಸಮಾನ. ಇಲ್ಲಿ ನಮಗೆ ಯಾವ ಕೊರತೆಯೂ ಇಲ್ಲ.”

ಅವಳ ಬೀಜ ಒಡೆಯುವ ಮೆಷಿನನ್ನು ನನ್ನ ಪಕ್ಕಕ್ಕೆ ತಂದಿಟ್ಟರು. ಕಾಲಿನಿಂದ ಮೆಷಿನ್ ತುಳಿಯುತ್ತಾ, ಕೈಯಿಂದ ಬೀಜ ಇಡುತ್ತಾ ಹತ್ತು ದಿನ ಪಾಠ ನಡೆಯಿತು. ಅವಳು ಒಡಿಯಾ ಅಕ್ಷರದಲ್ಲಿ ಬರೆದುಕೊಂಡು ಪ್ರತಿ ಮಾತಿನ ಅರ್ಥ ಕೇಳುತ್ತಿದ್ದಳು. ‘ಕೊರತೆ’ಯ ಅರ್ಥ ಹೇಳಿಕೊಡುವುದು ಕಷ್ಟವಾಗಲಿಲ್ಲ. ‘ತಂದೆಯ ಸಮಾನ’ ಎಂಬಲ್ಲಿ ಅವಳು ಮೆಷಿನ್ ನಿಲ್ಲಿಸಿ, ತನ್ನ ಅಪ್ಪ ಒಂದು ದಿನವೂ ಹೊರಗಿನಿಂದ ಬೀಗ ಹಾಕಿದ್ದಿಲ್ಲ ಎಂದಳು. ನನಗೆ ನಗು ಬಂತು. ನಂತರ ನಗು ಹೋಯಿತು.

ರಾಜ್ಯೋತ್ಸವದ ಹಿಂದಿನ ದಿನ ಅವಳು, “ಅಕ್ಕ, ಇನ್ನೊಂದು ಮಾತು ಬೇಕು. ‘ಮೇರಾ ಕಾರ್ಡ್ ದೋ’, ಕನ್ನಡದಲ್ಲಿ ಹೇಗೆ?” ಎಂದು ಕೇಳಿದಳು.

ನಾನು ಆಚೀಚೆ ನೋಡಿದೆ. ನನಗೆ ಮಗಳಿದ್ದಾಳೆ, ಮೂಡುಬಿದಿರೆಯ ಕಾಲೇಜಿಗೆ ಹೋಗುವವಳು. ಕೆಲಸ ಹೋದರೆ ಅವಳ ಓದೂ ಹೋಯಿತು. ಆದರೂ ಬಾಯಿ ತಡೆಯಲಿಲ್ಲ. “ದಯವಿಟ್ಟು ನನ್ನ ಕಾರ್ಡು ಕೊಡಿ,” ಎಂದೆ.

ರಾಜ್ಯೋತ್ಸವದ ದಿನ ಬೀಜ ಒಣಗಿಸುವ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಊರಿನ ಸುದ್ದಿಯನ್ನು ಮೊಬೈಲಿನಲ್ಲಿ ಲೈವ್ ಬಿಡುವ ಸಂದೇಶ್ ಎಂಬವನು ಮುಂದೆ ನಿಂತಿದ್ದ. ಅಧಿಕಾರಿಗಳು ಮುಕ್ಕಾಲು ಗಂಟೆ ಕನ್ನಡದ ಹಿರಿಮೆ ಹೇಳಿದರು. ಅದರಲ್ಲಿ ಅರ್ಧ ಇಂಗ್ಲಿಷಿನಲ್ಲಿತ್ತು. ಆಮೇಲೆ ಸಂಜುಕ್ತಾಳನ್ನು ಕರೆದರು. ಕೆಂಪು ಹಳದಿ ಶಾಲು ಅವಳ ಮೊಣಕಾಲಿನವರೆಗೆ ಇಳಿಬಿದ್ದಿತ್ತು.

ಎರಡನೆಯ ತಾಯಿಯನ್ನು ಹೇಳಿದಳು. ಚಪ್ಪಾಳೆ. ತಂದೆಯ ಸಮಾನವನ್ನು ಹೇಳಿದಳು. ಧಣಿಗಳು ತಲೆ ತಗ್ಗಿಸಿ ನಾಚಿಕೊಂಡರು. ಕೊರತೆಯೂ ಇಲ್ಲವಾಯಿತು. ಆಮೇಲೆ ಅವಳು ಧಣಿಗಳ ಕಡೆಗೆ ತಿರುಗಿ, ಮೈಕಿನಲ್ಲೇ, “ನನ್ನ ಕಾರ್ಡು ಕೊಡಿ,” ಎಂದಳು. ದಯವಿಟ್ಟು ಎಂಬುದನ್ನು ಮರೆತಳೋ, ಬಿಟ್ಟಳೋ, ನಾನು ಕೇಳಲಿಲ್ಲ.

ಅದೂ ಭಾಷಣವೇ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮತ್ತೊಮ್ಮೆ ಹೇಳಿದಳು. ಅಧಿಕಾರಿಗಳು ಯಾವ ಕಾರ್ಡು ಎಂದು ವಿಚಾರಿಸಿದರು. ಆಧಾರ್ ಎಂದಳು. ಅವರು ಸಂದೇಶನ ಮೊಬೈಲನ್ನು ಒಮ್ಮೆ, ಧಣಿಗಳ ಮುಖವನ್ನು ಒಮ್ಮೆ ನೋಡಿ, “ಕೊಡಿ ಮಾರಾಯ್ರೆ, ರಾಜ್ಯೋತ್ಸವದ ಗಿಫ್ಟ್ ಅಂತ ಕೊಟ್ಟುಬಿಡಿ,” ಎಂದು ನಕ್ಕರು. ಧಣಿಗಳೂ ನಕ್ಕರು. ಕೊಡುವುದಕ್ಕೆ ಏನೂ ಅಡ್ಡಿಯಿಲ್ಲ, ಆದರೆ ಡ್ರಾವರಿನ ಕೀ ಇವತ್ತು ಮನೆಯಲ್ಲಿ ಉಳಿದಿದೆ ಎಂದು ರುಕ್ಮಯ್ಯಣ್ಣ ಬಹಳ ಬೇಸರದಿಂದ ತಿಳಿಸಿದರು.

ಸಂಜುಕ್ತಾ ನನ್ನನ್ನು ನೋಡಲಿಲ್ಲ. ನೋಡಿದ್ದರೆ ನಾನು ಮುಖ ತಿರುಗಿಸುತ್ತಿದ್ದೆನೋ ಏನೋ. ಅವಳು ಮೈಕು ಬಿಡದೆ ನಿಂತಿದ್ದಳು. ನಾನು ಎದ್ದೆ.

“ಕೀ ಇಲ್ಲೇ ಉಂಟು ರುಕ್ಮಯ್ಯಣ್ಣ,” ಎಂದೆ. “ಆಫೀಸಿನ ಕ್ಯಾಲೆಂಡರಿನ ಹಿಂದೆ. ನಾನು ತರ್ತೇನೆ.”

ಯಾರಾದರೂ ತಡೆಯುತ್ತಾರೆಂದು ಕಾದೆ. ಲೈವ್ ಹೋಗುತ್ತಿದ್ದ ಕಾರಣ ಯಾರೂ ತಡೆಯಲಿಲ್ಲ. ಡ್ರಾವರ್ ತೆರೆದಾಗ ಕಾರ್ಡುಗಳು ರಬ್ಬರ್ ಬ್ಯಾಂಡ್ ಹಾಕಿದ ಒಂದೇ ಕಟ್ಟಾಗಿ ಸಿಕ್ಕಿದವು. ಕನ್ನಡಕ ಇರಲಿಲ್ಲ, ಅವಳದ್ದು ಯಾವುದೆಂದು ಹುಡುಕುವ ತಾಳ್ಮೆಯೂ ಇರಲಿಲ್ಲ. ಕಟ್ಟನ್ನೇ ತಂದು ಅಧಿಕಾರಿಗಳ ಮುಂದೆ, ಹೂವಿನ ತಟ್ಟೆಯ ಪಕ್ಕದಲ್ಲಿ ಇಟ್ಟೆ.

ಸಂಜುಕ್ತಾ ತನ್ನದನ್ನು ತೆಗೆದುಕೊಂಡು ಇಳಿದುಬರಬಹುದಿತ್ತು. ಇಳಿಯಲಿಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಿ ಮೈಕಿನಲ್ಲಿ ಒಂದೊಂದೇ ಹೆಸರು ಓದತೊಡಗಿದಳು. ಹೆಸರು ಬಂದವಳು ಹೆದರುತ್ತಾ ಮೇಲೆ ಹತ್ತುವಳು. ಬೇರೆ ದಾರಿ ಕಾಣದ ಅಧಿಕಾರಿಗಳು ಪ್ರಶಸ್ತಿ ಕೊಟ್ಟಂತೆ ಕಾರ್ಡು ಕೊಟ್ಟು, ಫೋಟೋಕ್ಕೆ ನಿಂತು, ಕೈ ಮುಗಿಯುವರು. ಧಣಿಗಳು ಪ್ರತಿಯೊಬ್ಬಳಿಗೂ ಶಾಲು ಹೊದಿಸುವರು. ಮೂವತ್ತೊಂದು ಸಲ. ಹತ್ತನೆಯವಳ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಊರಿನ ಹೆಂಗಸರು ನಿಜವಾದ ಚಪ್ಪಾಳೆ ತಟ್ಟಲು ಶುರುಮಾಡಿದರು.

ಮಾರನೆಯ ಬೆಳಿಗ್ಗೆ ಸಂಜುಕ್ತಾ ಬೆಳ್ತಂಗಡಿ ಬಸ್ಸು ಹತ್ತಿದಳು, ಅಲ್ಲಿಂದ ಉಜಿರೆಗೆ. ನಾನು ಕಟ್ಟಿಕೊಟ್ಟ ಅನ್ನಕ್ಕೆ ನೀರು ಹಾಕಿದ್ದೀಯಾ ಎಂದು ಕೇಳಿದಳು. ಹಾಕಿದ್ದೇನೆ ಎಂದೆ. ಬಸ್ಸಿಗೆ ದುಡ್ಡು ಉಂಟಾ ಎಂದು ನಾನು ಕೇಳಲಿಲ್ಲ, ಕಂಡಕ್ಟರನಿಗೆ ಕೊಡುವಾಗ ಅವಳ ಪರ್ಸಿನಲ್ಲಿ ಮಜೂರಿಯ ನೋಟು ಕಾಣುತ್ತಿತ್ತು. ಇನ್ನೂ ಎಂಟು ಮಂದಿ ಹೋದರು. ಉಳಿದವರು ಹೋಗುವ ಜಾಗ ಇಲ್ಲದೆ ಉಳಿದರು.

ಸೋಮವಾರ ಧಣಿಗಳು ಬೀಜ ಒಡೆಯುವ ಶೆಡ್ಡಿಗೆ ಬಂದರು. ಬೈಯಲಿಲ್ಲ. ಆದದ್ದರಿಂದ ಮನಸ್ಸಿಗೆ ಬಹಳ ನೋವಾಗಿದೆ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಎಂಬ ಭೇದ ಇರಬಾರದೆಂದು ತೀರ್ಮಾನಿಸಿದ್ದೇವೆ ಎಂದರು. ಇನ್ನು ಮುಂದೆ ಊರಿನವರು, ಪರವೂರಿನವರು ಎಲ್ಲರ ಕಾರ್ಡೂ ಆಫೀಸಿನಲ್ಲಿ ಇರತಕ್ಕದ್ದು. ಇಷ್ಟವಿಲ್ಲದವರಿಗೆ ಗೇಟು ತೆರೆದಿದೆ. ನಂತರ ಬಾಗಿಲ ಬಳಿ ಕುರ್ಚಿ ಹಾಕಿಸಿ ಕೂತರು.

ರುಕ್ಮಯ್ಯಣ್ಣ ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದು ಮೊದಲು ನನ್ನ ಹತ್ತಿರವೇ ಬಂದರು.

“ಕಾರ್ಡ್ ಹಾಕು ಲೋಲಾಕ್ಷಿ. ನಿನ್ನಿಂದಲೇ ಶುರು ಮಾಡುವ. ಕೀ ಎಲ್ಲಿ ಇಡುವುದು ಅಂತ ನಿನಗೆ ಹೇಳುವುದಿಲ್ಲ ಈ ಸರ್ತಿ, ರಂಡೆ.”

ನನ್ನ ಮುಂದೆ ಒಡೆದ ಬೀಜದ ಸಿಪ್ಪೆ ರಾಶಿ ಬಿದ್ದಿತ್ತು, ಎಣ್ಣೆ ಜಿನುಗುವಂಥದ್ದು. ಎರಡೂ ಕೈ ತುಂಬ ತೆಗೆದು ಡಬ್ಬಿಗೆ ಹಾಕಿದೆ. ಮತ್ತೆ ಮೆಷಿನ್ ತುಳಿದೆ.

ಅವರು ಬಾಯಿ ತೆರೆಯುವುದರೊಳಗೆ ಪಕ್ಕದ ಶಹನಾಝ್ ತಲೆ ಎತ್ತದೆ ತನ್ನ ರಾಶಿಯಿಂದ ಒಂದು ಬೊಗಸೆ ಹಾಕಿದಳು. ಧಣಿಗಳು ನೋಡುತ್ತಿದ್ದ ಕಾರಣ ರುಕ್ಮಯ್ಯಣ್ಣನಿಗೆ ನಿಲ್ಲುವಂತೆಯೂ ಇಲ್ಲ, ಓಡುವಂತೆಯೂ ಇಲ್ಲ. ಒಂದೊಂದೇ ಮೆಷಿನ್ ದಾಟುತ್ತಾ ಹೋದರು. ಒಂದೊಂದು ಮೆಷಿನಿನಿಂದಲೂ ಒಂದೊಂದು ಬೊಗಸೆ ಸಿಪ್ಪೆ. ಸಾಲಿನ ಕೊನೆ ತಲುಪುವಾಗ ಡಬ್ಬಿ ತುಂಬಿ, ಬೆಸುಗೆ ಬಿಟ್ಟ ಕಡೆಯಿಂದ ಕಪ್ಪು ಎಣ್ಣೆ ಇಳಿದು ಅವರ ಬೆರಳ ಸಂದಿಗೆ ಸೇರುತ್ತಿತ್ತು. ಆ ಎಣ್ಣೆ ಮೊದಲು ತಣ್ಣಗಿರುತ್ತದೆ, ಚರ್ಮ ಸುಡುವುದು ಆಮೇಲೆ. ನಾವು ಬೂದಿ ಹಚ್ಚಿದ ಕೈಯಲ್ಲೇ ಕೆಲಸಕ್ಕೆ ಕೂರುವುದು, ಇಲ್ಲವಾದರೆ ಕೂಡಲೇ ಬೂದಿ ಹಚ್ಚಿ ಉಜ್ಜಬೇಕು. ಒಂದು ದಿನವೂ ಬೀಜ ಒಡೆಯದ ರುಕ್ಮಯ್ಯಣ್ಣನಿಗೆ ಗೊತ್ತಿಲ್ಲದಿದ್ದರೂ ಶೆಡ್ಡಿನ ಅರುವತ್ತು ಹೆಂಗಸರಿಗೂ ಇದು ಗೊತ್ತಿತ್ತು. ಯಾರೂ ಅವರಿಗೆ ಹೇಳಲಿಲ್ಲ.