ಕೊನೆಯ ಒಂದಿಂಚು

"ಮೂರೂ ಹಸಿರು," ಎಂದು ಡಾಕ್ಟರು ಪೈಲಟ್ ಸೀಟಿನಿಂದ ಕೂಗಿದರು. "ಮುಗೀತಲ್ಲ? ಊಟ ಮಾಡ್ಕೊಂಡು ಮಗಳ ಜೊತೆ ಒಂದು ಸುತ್ತು ಹಾರ್ಕೊಂಡು ಬರ್ತೀನಿ."

ಅವರ ಪುಟ್ಟ ವಿಮಾನ ಮೂರು ಜಾಕುಗಳ ಮೇಲೆ ನೆಲ ಬಿಟ್ಟು ನಿಂತಿತ್ತು. ಹಾರುತ್ತಿರುವಾಗ ಚಕ್ರ ಇಳಿಸುವ ಪಂಪು ಕೈಕೊಟ್ಟರೂ ಅವು ತಮ್ಮ ಭಾರಕ್ಕೇ ಕೆಳಗಿಳಿದು, ಸ್ಪ್ರಿಂಗಿನ ಬಲದಿಂದ ಕಚ್ಚಿಕೊಳ್ಳಬೇಕು; ಕಚ್ಚಿಕೊಂಡ ಒಂದೊಂದು ಚಕ್ರಕ್ಕೂ ಒಳಗೆ ಒಂದು ಹಸಿರು ದೀಪ. ವರ್ಷಕ್ಕೊಮ್ಮೆ ಅದರ ಪರೀಕ್ಷೆ. ಐದು ವರ್ಷದಿಂದ ಒಳಗೆ ಕೂತು ತುರ್ತು ಹಿಡಿ ಎಳೆಯುತ್ತಿದ್ದವಳು ಈ ಶೆಡ್ಡಿನ ಎಂಜಿನಿಯರ್ ಹುಡುಗಿ. ಕೆಳಗೆ ನಿಲ್ಲುತ್ತಿದ್ದವರು ಅವಳ ಸೋದರಮಾವ, ಅವಳಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಮೆಕ್ಯಾನಿಕ್. ಇವತ್ತು ಹಿಡಿ ತಾವೇ ಎಳೆಯುತ್ತೇನೆಂದು ಡಾಕ್ಟರು ಹಟ ಹಿಡಿದಿದ್ದರಿಂದ ಅವಳೂ ಕೆಳಗಿದ್ದಳು.

ಅದಕ್ಕೇ ಕಣ್ಣಿಗೆ ಬಿತ್ತು. ಇನ್ನೊಂದು ಇಂಚು ಇರುವಾಗ ಮುಂದಿನ ಚಕ್ರ ತಡೆದು ನಿಂತಿತ್ತು. ಮಾವ ಎತ್ತಲೋ ನೋಡುತ್ತಲೇ, ನಾಯಿಮರಿಯನ್ನು ಹೊಸ್ತಿಲು ದಾಟಿಸುವ ಹಾಗೆ, ಬೂಟಿನ ತುದಿಯಿಂದ ಅದನ್ನು ತಳ್ಳಿದ್ದರು. ಹಸಿರು ಹತ್ತಿದ್ದು ಆಮೇಲೆ.

ಪರೀಕ್ಷೆ ಸರಿಯಾಯಿತೆಂದು ಅವಳು ಸಹಿ ಹಾಕಬೇಕಾದ ಹಾಳೆ ಕೈಯಲ್ಲೇ ಇತ್ತು.

"ಮಾವ, ಇನ್ನೊಂದ್ಸಲ ಇಳಿಸೋಣ."

"ಯಾಕೆ, ಹಸಿರು ಸಾಲದಾ? ನಿಮ್ಮಮ್ಮನೂ ಹಿಂಗೇ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡ್ತಾಳೆ."

"ಈ ಸಲ ನೀವು ಸ್ವಲ್ಪ ದೂರ ನಿಂತ್ಕೊಳ್ಳಿ."

ಅವರು ತಮ್ಮ ಬೂಟನ್ನು ನೋಡಿಕೊಂಡರು. "ಓ, ಅದಾ? ಜಾಕಿನ ಮೇಲೆ ಕೂತ್ರೆ ಅದಕ್ಕೆ ಸೋಮಾರಿತನ ಕಣೇ. ನಮ್ಮ ಗುರುಗಳೂ ಹಂಗೇ ತಟ್ತಿದ್ರು."

"ಮೇಲೆ ಯಾರು ತಟ್ತಾರೆ ಮಾವ?"

ಅಲ್ಲಿಯವರೆಗೆ ಅವರಿಗೆ ಅವಳು ಎದುರಾಡಿದ್ದೇ ಇಲ್ಲ. ಮಾವ ಕೈಕಟ್ಟಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಚಕ್ರಗಳನ್ನು ಮೇಲೆತ್ತಿ ಮತ್ತೆ ಹಿಡಿ ಎಳೆಸಿದಳು. ಅಕ್ಕಪಕ್ಕದ ಎರಡೂ ಕಚ್ಚಿಕೊಂಡವು. ಮುಂದಿನದು ಅದೇ ಜಾಗದಲ್ಲಿ ನಿಂತಿತು.

"ಎರಡೇ ಹಸಿರು," ಎಂದರು ಡಾಕ್ಟರು. ಮೂರನೆಯ ಸಲವೂ ಎರಡೇ ಹತ್ತಿದವು. ಅವರು ಇಳಿದು ಬಂದು, ಆ ಒಂದಿಂಚಿನ ಸಂದನ್ನು ಬಗ್ಗಿ ನೋಡಿ, ಫೋನ್ ತೆಗೆದರು. "ಇವತ್ತು ಬೇಡ ಪುಟ್ಟಿ. ಮನೇಲೇ ಇರು."

ಮಾವ ಸ್ಪ್ರಿಂಗನ್ನು ಬೆರಳಿನಿಂದ ಮೀಟಿದರು. "ಸತ್ತೇಹೋಗಿದೆ. ಎಷ್ಟು ವರ್ಷದಿಂದ ತಳ್ತಿದೀನೋ."

"ಹೊಸದು ಹಾಕಿದ್ರಾಯ್ತು. ಊಟಕ್ಕೆ ಏಳಿ ಮಾವ."

"ನೀನು ನಡಿ."

ಶೆಡ್ಡಿನ ಆಚೆ ಬದಿಯಲ್ಲಿ ಇನ್ನೂ ಆರು ವಿಮಾನಗಳಿದ್ದವು, ಎಲ್ಲದರ ಪರೀಕ್ಷೆಗೂ ಕೆಳಗೆ ನಿಂತಿದ್ದವರು ಅವರೇ. ಮಾವ ಮೊದಲನೆಯದರ ಮುಂದೆ ಮೊಣಕಾಲೂರಿ, ಅದರ ಚಕ್ರದ ಸಂದಿಗೆ ಟಾರ್ಚು ಬಿಟ್ಟರು. ಬಹಳ ಹೊತ್ತಿನ ಮೇಲೆ ಎದ್ದು, ಎರಡನೆಯದರ ಕಡೆ ನಡೆದರು.